ಮೊದಲು ಮನೆ ತಗೊಳ್ಳಿ, ಆಮೇಲೆ ಮನೆ ತಗೊಳ್ಳೋಕೆ ಸಹಾಯ ಮಾಡ್ತೀವಿ

ಮೊನ್ನೆ ಸಂಜೆ ಗೆಳೆಯನೊಬ್ಬ ಫೋನ್ ಮಾಡಿ, ಜಯದೇವ ಸರ್ಕಲ್ ಹತ್ರ ಬಾರೋ, ಖುಷಿ ಸುದ್ದಿ ಇದೆ ಅಂದ. ದಾವಣಗೆರೆಯಲ್ಲಿ ಖುಷಿ ಸುದ್ದಿ ಆಗಲಿ, ಕೆಟ್ಟ ಸುದ್ದಿ ಆಗಲಿ, ಮುಂದೆ ಮಂಡಕ್ಕಿ ಮಿರ್ಚಿ ಇಲ್ಲದೆ ಬಾಯಿಂದ ಹೊರಗೆ ಬರುವುದಿಲ್ಲ. ಎರಡು ಪ್ಲೇಟ್ ನರ್ಗಿಸ್ ಮಂಡಕ್ಕಿ ಹೇಳಿ ಕೂತೆವು.

"ಮನೆ ತಗೊಳ್ತಾ ಇದೀನಿ. ಕೈಯಲ್ಲಿ ಮುಂಗಡ ಇಲ್ಲ ಅನ್ನೋದೊಂದೇ ಚಿಂತೆ ಇತ್ತು. ಸರ್ಕಾರ 1.80 ಲಕ್ಷ ಕೊಡುತ್ತಂತೆ!"

ಅವನು ಹೇಳಿದ್ದು ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಬಗ್ಗೆ. 2015ರ ಜೂನ್‌ನಲ್ಲಿ ಶುರುವಾದಾಗ, 2022ರೊಳಗೆ ಎಲ್ಲರಿಗೂ ಸೂರು ಅಂದಿದ್ದರು. ಮನೆ ಸಿಕ್ಕವರು ಬೇಕಾದಷ್ಟು ಜನ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ 2022 ಬಂತು, ಹೋಯ್ತು, ನನ್ನ ಗೆಳೆಯ ಅದೇ ಬಾಡಿಗೆ ಮನೆಯಲ್ಲಿ ಅದೇ ಸೋರುವ ನಲ್ಲಿ ಕೆಳಗೆ ಅದೇ ಬಕೆಟ್ ಇಟ್ಟುಕೊಂಡು ಕೂತಿದ್ದ. 2024ರ ಸೆಪ್ಟೆಂಬರ್‌ನಿಂದ ಯೋಜನೆಗೆ 2.0 ಅಂತ ಹೆಸರಾಯಿತು. ಮನೆ ಬರದವರಿಗೆ ಹೊಸ ವರ್ಷನ್ ಬಂತು.

ಸರಿ, ಲೆಕ್ಕ ಹಾಕೋಣ ಅಂತ ಮಂಡಕ್ಕಿ ಕಟ್ಟಿಕೊಡುವ ಪೇಪರ್ ಒಂದು ಇಸ್ಕೊಂಡೆ. ಮನೆ ಬೆಲೆ 35 ಲಕ್ಷ ದಾಟುವ ಹಾಗಿಲ್ಲ. ಸಾಲ 25 ಲಕ್ಷ ದಾಟುವ ಹಾಗಿಲ್ಲ. ಅಂದರೆ 35 ಲಕ್ಷದ ಮನೆಗೆ 10 ಲಕ್ಷ ನೀನೇ ಹಾಕಬೇಕು. ಗಂಡ ಹೆಂಡತಿ ಇಬ್ಬರದ್ದೂ ಸೇರಿ ಅವನ ಮನೆ ಆದಾಯ ವರ್ಷಕ್ಕೆ 6 ಲಕ್ಷ. ಮುಖ ಸ್ವಲ್ಪ ಸಪ್ಪಗಾಯಿತು. ತಡಿ, ಇನ್ನೂ ಇದೆ ಅಂದೆ.

ಫ್ಲಾಟ್ ಅಲ್ಲದ ಮನೆಗೆ ಸ್ಟಾಂಪ್ ಡ್ಯೂಟಿ 5 ಪರ್ಸೆಂಟ್, ಅದರ ತಲೆ ಮೇಲೆ ಸೆಸ್ಸು, ಪಕ್ಕದಲ್ಲಿ ಸರ್ಚಾರ್ಜು, ಎಲ್ಲ ಸೇರಿ 5.6. ನೋಂದಣಿ ಶುಲ್ಕ 1 ಪರ್ಸೆಂಟ್ ಇತ್ತು, 2025ರ ಆಗಸ್ಟ್ 31ರಿಂದ 2 ಆಗಿದೆ. 35 ಲಕ್ಷಕ್ಕೆ ಒಟ್ಟು 2.66 ಲಕ್ಷ. ಈ ದುಡ್ಡಿಗೆ ಬ್ಯಾಂಕಿನಲ್ಲಿ ಸಾಲ ಕೇಳೋಣ ಅಂದರೆ, ಮನೆ ಬೆಲೆ 10 ಲಕ್ಷಕ್ಕಿಂತ ಜಾಸ್ತಿ ಇದ್ದಾಗ ಸ್ಟಾಂಪು ನೋಂದಣಿ ಖರ್ಚನ್ನು ಬೆಲೆಯಲ್ಲಿ ಸೇರಿಸಬೇಡಿ ಅಂತ ರಿಸರ್ವ್ ಬ್ಯಾಂಕೇ ಹೇಳಿಬಿಟ್ಟಿದೆ. ಅಂದರೆ ದಿಲ್ಲಿ ಕೊಡೋದು 1.80, ಬೆಂಗಳೂರು ಇಸ್ಕೊಳ್ಳೋದು 2.66. ದಿಲ್ಲಿಯವರು ಪ್ರೀತಿಯಿಂದ ಶರ್ಟು ತೊಡಿಸುತ್ತಾರೆ, ಅಷ್ಟರಲ್ಲಿ ಬೆಂಗಳೂರಿನವರು ಪ್ಯಾಂಟು ಬಿಚ್ಚಿಕೊಂಡು ಹೋಗಿರುತ್ತಾರೆ.

ಒಟ್ಟು 12.66 ಲಕ್ಷ ಕೈಯಲ್ಲಿ ಇರಬೇಕು. ಊಟ, ಬಾಡಿಗೆ, ಮಕ್ಕಳ ಫೀಸು ಎಲ್ಲ ಬಿಟ್ಟು ಪೂರ್ತಿ ಸಂಬಳ ಎತ್ತಿಟ್ಟರೂ ಎರಡು ವರ್ಷ ದಾಟುತ್ತದೆ.

"ಹೋಗ್ಲಿ ಬಿಡು, ಆ 1.80 ಆದ್ರೂ ಮೊದಲೇ ಕೈಗೆ ಬರುತ್ತಲ್ವಾ?"

ಪಾಪ ಅನಿಸಿತು. ಮೊದಲೇನೂ ಬರುವುದಿಲ್ಲ, ಕೈಗಂತೂ ಬರುವುದೇ ಇಲ್ಲ. ನೀನು ಮುಂಗಡ ಕೊಟ್ಟು, ಸಾಲ ತಗೊಂಡು, ಮನೆ ನೋಂದಣಿ ಮಾಡಿಸಿ, ಹಾಲು ಉಕ್ಕಿಸಿ, ಕಂತು ಕಟ್ಟೋಕೆ ಶುರು ಮಾಡಿದ ಮೇಲೆ ವರ್ಷಕ್ಕೊಂದು ಕಂತಿನ ಹಾಗೆ ಐದು ವರ್ಷ ನಿನ್ನ ಸಾಲದ ಖಾತೆಗೆ ಬೀಳುತ್ತದೆ. ವರ್ಷಕ್ಕೆ ಜಾಸ್ತಿ ಅಂದರೆ 36,000. ತಿಂಗಳಿಗೆ 3,000. ನಿನ್ನ ಕಂತು, 25 ಲಕ್ಷಕ್ಕೆ 8.5 ಬಡ್ಡಿ ಅಂತ ಹಿಡಿದರೆ, 20 ವರ್ಷದ ಸಾಲಕ್ಕೆ ತಿಂಗಳಿಗೆ ಸುಮಾರು 21,700. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂತಾರಲ್ಲ, ಇಲ್ಲಿ ಸರ್ಕಾರ ಸ್ವಲ್ಪ ಮುಂದೆ ಹೋಗಿದೆ. ಮದುವೆ ಮಾಡ್ಕೊಂಡು ಬಾ, ಹೆಣ್ಣು ನೋಡೋಕೆ ಬಸ್ ಚಾರ್ಜ್ ಕೊಡ್ತೀವಿ ಅಂತಿದೆ.

ಇನ್ನೊಂದು ಷರತ್ತಂತೂ ನನಗೆ ತುಂಬಾ ಇಷ್ಟ. ಪ್ರತಿ ಸಲ ಸಬ್ಸಿಡಿ ಬರುವ ಹೊತ್ತಿಗೆ ಸಾಲದ ಅಸಲು ಅರ್ಧಕ್ಕಿಂತ ಜಾಸ್ತಿ ಬಾಕಿ ಇರಬೇಕು. ಹೆಂಡತಿ ಒಡವೆ ಮಾರಿ, ಊರಿನ ಅಡಿಕೆ ತೋಟದ ಪಾಲು ಮಾರಿ ಬೇಗ ಬೇಗ ಸಾಲ ತೀರಿಸಿದೆಯೋ, ಸಹಾಯ ಕಟ್. ಸಾಲಗಾರ ಪ್ರಾಮಾಣಿಕ ಆಗಿರಬೇಕು, ಆದರೆ ಅತಿಯಾಗಿ ಅಲ್ಲ.

ಸ್ವಂತ ಸೈಟ್ ಇದ್ದು ಆದಾಯ 3 ಲಕ್ಷದೊಳಗೆ ಇರುವವರಿಗೆ ಬೇರೆ ದಾರಿ ಇದೆ, ಕೇಂದ್ರದ್ದೇ 1.5 ಲಕ್ಷ ಬರುತ್ತದೆ. ಅದೂ ಹಂತ ಹಂತವಾಗಿ, ಪಾಯ, ಗೋಡೆ, ಸೂರು ಅಂತ ಫೋಟೋ ಹೊಡೆದು ಲೊಕೇಶನ್ ಸಮೇತ ಹಾಕಿದ ಮೇಲೆ. ಪಾಯದ ಫೋಟೋ ಹೊಡೆಯಬೇಕಾದರೆ ಮೊದಲು ಪಾಯ ಇರಬೇಕಲ್ಲ ಸ್ವಾಮಿ, ಅನ್ನಬೇಡಿ.

ಆಮೇಲೆ ಕಾಗದ. ಇಡೀ ಭಾರತದಲ್ಲಿ ಎಲ್ಲಿಯೂ ನಮಗೆ ಪಕ್ಕಾ ಮನೆ ಇಲ್ಲ ಅಂತ ಬರೆದುಕೊಡಬೇಕು. ನನ್ನ ಗೆಳೆಯ ಹರಿಹರ ದಾಟಿ ಹೋಗಿದ್ದೇ ಹತ್ತಾರು ಸಲ ಇರಬೇಕು. ಅಂಥವನು ಕಾಶ್ಮೀರದಲ್ಲೂ ಇಲ್ಲ, ಅಂಡಮಾನ್‌ನಲ್ಲೂ ಇಲ್ಲ ಅಂತ ಸಹಿ ಹಾಕಬೇಕು. ಮನೆ ಹೆಂಡತಿ ಹೆಸರಲ್ಲಿ ಇಲ್ಲವೇ ಇಬ್ಬರ ಹೆಸರಲ್ಲಿ ಇರಬೇಕು, ಇದೊಂದು ಒಳ್ಳೆ ನಿಯಮ, ಬೈಯುವುದಿಲ್ಲ. ಅವನ ಹೆಂಡತಿಗೆ ಈ ವಿಷಯ ಹೇಳಿದಾಗ, ಸಾಲನೂ ನನ್ನ ಹೆಸರಲ್ಲೇನಾ ಅಂತ ಕೇಳಿದರಂತೆ.

ಪೇಪರ್ ತುಂಬಾ ಅಂಕಿ, ಅಂಕಿ ಮೇಲೆಲ್ಲ ಎಣ್ಣೆ. ಇಷ್ಟು ಹೊತ್ತೂ ಪಕ್ಕದಲ್ಲಿ ಮಿರ್ಚಿ ಕರಿಯುತ್ತಾ ಕೇಳಿಸಿಕೊಳ್ಳುತ್ತಿದ್ದ ಅಂಗಡಿಯವನು, ನಾವು ದುಡ್ಡು ಕೊಡಲು ಎದ್ದಾಗ ಅಂದ: "ನಮ್ಮಲ್ಲೂ ಸಬ್ಸಿಡಿ ಮಾಡಿದೀವಿ ಸಾರ್. ಇವತ್ತು ಪೂರ್ತಿ ದುಡ್ಡು ಕೊಟ್ಟು ಹೋಗಿ. ವರ್ಷಕ್ಕೊಂದು ಮಿರ್ಚಿ ಫ್ರೀ, ಐದು ವರ್ಷ. ಆದ್ರೆ ನಾವು ಕೊಡೋ ಹೊತ್ತಿಗೆ ಇವತ್ತಿನ ಪ್ಲೇಟಲ್ಲಿ ಅರ್ಧಕ್ಕಿಂತ ಜಾಸ್ತಿ ಮಂಡಕ್ಕಿ ಉಳಿದಿರಬೇಕು."

ಗೆಳೆಯ ಪ್ಲೇಟ್ ನೋಡಿದ. ಖಾಲಿಯಾಗಿತ್ತು.