ಕೆರೆ ಕಾಣುವ ಮನೆಯ ಬಚ್ಚಲು ನೀರು ಎಲ್ಲಿಗೆ ಹೋಗುತ್ತದೆ?

ಹುಬ್ಬಳ್ಳಿಯ ಉಣಕಲ್ ಸುತ್ತಮುತ್ತ ಸೈಟ್ ಮಾರುವವರು ಈಗ ಮೊದಲು ಎತ್ತುವುದೇ ಕೆರೆಯ ಮಾತು. ಬಾಲ್ಕನಿಯಲ್ಲಿ ನಿಂತರೆ ನೀರು ಕಾಣುತ್ತದೆ, ನೃಪತುಂಗ ಬೆಟ್ಟ ಹತ್ತಿರ, ಚಿಗರಿ ಬಸ್ ಹತ್ತಿದರೆ ಧಾರವಾಡವೂ ದೂರವಿಲ್ಲ. ಎಲ್ಲಾ ಖರೆ. ಊರೊಳಗೆ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಬೇರೆ ಇದೆ. ಹುಬ್ಬಳ್ಳಿಯಲ್ಲಿ ಇದಕ್ಕಿಂತ ಚಂದದ ಜಾಗ ನನಗಂತೂ ಗೊತ್ತಿಲ್ಲ.

ಆದರೆ ಆ ಮನೆಗಳ ಬಚ್ಚಲು ನೀರು ಎಲ್ಲಿಗೆ ಹೋಗುತ್ತದೆ ಅಂತ ಸೈಟ್ ಕೊಳ್ಳುವವರು ಕೇಳುವುದೇ ಇಲ್ಲ.

ಈ ಕೆರೆ ತುಂಬಬೇಕಾದರೆ ಸುತ್ತಲಿನ ಮಳೆನೀರು ಹರಿದು ಬರಬೇಕು. ನೀರು ಬರುವ ದಾರಿಯಲ್ಲೇ ಬಡಾವಣೆ ಎದ್ದು, ಒಳಚರಂಡಿ ಸರಿ ಇಲ್ಲದಿದ್ದರೆ ಸಂಡಾಸಿನ ನೀರೂ ಅದೇ ದಾರಿ ಹಿಡಿಯುತ್ತದೆ. ಕೆರೆ ಕೋಡಿ ಬಿದ್ದರೆ ಆ ನೀರು ಉಣಕಲ್ ನಾಲಾ ಸೇರಿ ಹುಬ್ಬಳ್ಳಿಯ ನಡುವೆಯೇ ಹರಿಯುತ್ತದೆ. ನಾಲಾ ಪಕ್ಕದ ಓಣಿಗಳ ಜನ ನಮ್ಮ ಹೊಲಸಿನ ವಾಸನೆ ಕುಡಿಯಬೇಕು. ಇದು ಅನ್ಯಾಯ ಅಲ್ವಾ?

ಕೊಳಚೆ ಸೇರಿದ ಕೆರೆಯ ಮೇಲೆ ಹರಡುವ ಕಳೆ ಅಂತರಗಂಗೆ. ಅದರ ಒಂದು ಗಿಡ ಕಿತ್ತು ನೋಡಿ. ತೊಟ್ಟು ಸಣ್ಣ ಬದನೆಕಾಯಿಯಂತೆ ಉಬ್ಬಿರುತ್ತದೆ. ಸೀಳಿದರೆ ಒಳಗೆಲ್ಲ ಗಾಳಿ ತುಂಬಿದ ಬೆಂಡು. ಅದಕ್ಕೇ ಅದು ತೇಲುತ್ತದೆ. ದಕ್ಷಿಣ ಅಮೆರಿಕದಿಂದ ಬಂದ ಗಿಡವಿದು. ಕೊಳಚೆಯಲ್ಲಿರುವ ಸಾರಜನಕ, ರಂಜಕವೇ ಇದಕ್ಕೆ ಗೊಬ್ಬರ. ಬಿಸಿಲು, ಗೊಬ್ಬರ ಎರಡೂ ಸಿಕ್ಕರೆ ಸುಮಾರು ಎರಡು ವಾರದಲ್ಲಿ ದುಪ್ಪಟ್ಟಾಗುತ್ತದೆ. ಮೇಲೆ ಹೊದಿಕೆ ಬಿದ್ದ ಮೇಲೆ ನೀರಿಗೆ ಬೆಳಕಿಲ್ಲ, ಆಮ್ಲಜನಕ ಇಳಿಯುತ್ತದೆ, ಮೀನು ಸಾಯುತ್ತವೆ. ಯಂತ್ರ ಇಳಿಸಿ ತೆಗೆಸುತ್ತಾರೆ, ತೆಗೆಯಲೇಬೇಕು. ಆದರೆ ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಕೊಳಚೆ ನಿಲ್ಲದೆ ಸುಮ್ನೆ ಗಿಡ ತೆಗೆಯುತ್ತಾ ಹೋದರೆ ದುಡ್ಡಷ್ಟೇ ಖಾಲಿ.

ವಾಕಿಂಗ್ ದಾರಿ, ದೋಣಿ, ದೀಪ ಇರಲಿ, ನನ್ನ ತಕರಾರಿಲ್ಲ. ಸಂಜೆ ಹಿರಿಯರು ಬಂದು ಕೂರುವುದನ್ನು ನೋಡಿದರೆ ಖುಷಿಯಾಗುತ್ತದೆ. ಆದರೆ ಮೊದಲ ರೂಪಾಯಿ ಒಳಚರಂಡಿ ಕೊಳವೆಗೆ ಹೋಗಲಿ. ಕೆರೆಗೆ ಕೊಳಚೆ ಬಿಡಬಾರದು ಅಂತ 2014ರ ಕೆರೆ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ.

ಇಲ್ಲಿ ಸೈಟ್ ನೋಡುತ್ತಿರುವವರಿಗೆ ಒಂದು ವಿನಂತಿ. ಅಡ್ವಾನ್ಸ್ ಕೊಡುವ ಮುಂಚೆ ಒಳಚರಂಡಿ ನಕ್ಷೆ ಕೇಳಿ, ಅದು ಎಲ್ಲಿ ಹೋಗಿ ಸೇರುತ್ತದೆ ಅಂತ ಕಾಲ್ನಡಿಗೆಯಲ್ಲಿ ಹೋಗಿ ನೋಡಿ. ಈಗಾಗಲೇ ಮನೆ ಕಟ್ಟಿದವರು ನಿಮ್ಮ ಓಣಿಯ ಕೊಳವೆಯ ಫೋಟೋ ತೆಗೆದು ಕಮೆಂಟಿನಲ್ಲಿ ಹಾಕಿ. ಎಲ್ಲ ಸೇರಿಸಿ ವಾರ್ಡಿನ ಸದಸ್ಯರ ಕೈಗೆ ನಾನೇ ಒಯ್ದು ಕೊಡುತ್ತೇನೆ.