ಹೃದಯ ಸೋತವರಿಗೆ ತಾಲ್ಲೂಕಿನಲ್ಲೇ ಚಿಕಿತ್ಸೆ ಸಿಗಬೇಕು

2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಹಾರ್ಟ್ ಅಟ್ಯಾಕ್ ಅಂದರೆ ನಮಗೆ ಅಷ್ಟು ಭಯ. ಅದಕ್ಕೆ ಸರ್ಕಾರ ಒಳ್ಳೆಯ ಕೆಲಸವನ್ನೂ ಮಾಡಿದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಆದರೆ ಹಾಗೆ ಬದುಕಿ ಬಂದವರಲ್ಲಿ ಎಷ್ಟೋ ಜನರ ಹೃದಯದ ರಕ್ತ ಪಂಪ್ ಮಾಡುವ ಬಲ ಕುಗ್ಗಿರುತ್ತದೆ. ಹೃದಯ ಸೋಲುವುದು, ಹಾರ್ಟ್ ಫೇಲ್ಯೂರ್ ಅನ್ನುವುದು ಇದನ್ನೇ. ಡಿಸ್‌ಚಾರ್ಜ್ ಆಗಿ ಊರಿಗೆ ಹೋದ ಮೇಲೆ ಅವರನ್ನು ಕೇಳುವವರು ಯಾರು?

ರಾಯಚೂರು ಜಿಲ್ಲೆಯ ನಮ್ಮ ದೊಡ್ಡಪ್ಪನಿಗೆ ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಇಎಫ್ 30 ಬಂದಿತ್ತು. ಇಎಫ್ ಅಂದರೆ ಹೃದಯ ತನ್ನಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಪ್ರತಿ ಬಡಿತಕ್ಕೆ ಹೊರದೂಡುತ್ತದೆ ಎಂಬ ಲೆಕ್ಕ. ಉಪ್ಪು ಕಡಿಮೆ ಮಾಡಿ ಅಂದಿದ್ದರು. ದೊಡ್ಡಮ್ಮ ಪಲ್ಯ, ಸಾರಿಗೆ ಉಪ್ಪು ಕಡಿಮೆ ಮಾಡಿದರು. ರೊಟ್ಟಿ ಜೊತೆ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಮಾತ್ರ ಮೊದಲಿನ ಹಾಗೇ ನಡೆದವು. ಯಾರೂ ಬಿಡಿಸಿ ಹೇಳಿರಲಿಲ್ಲ. ಮೂತ್ರ ಹೆಚ್ಚಿಸಿ ಮೈನೀರು ಇಳಿಸುವ ಮಾತ್ರೆಯನ್ನು ದೊಡ್ಡಪ್ಪ ತಾವೇ ಬಿಟ್ಟರು. "ಹೊಲದಾಗ ಎಷ್ಟ ಸಲ ಏಳೂದೋ, ಸಾಕಾತು" ಅಂದಿದ್ದರು. ಪಾದ ಬಾತು ಚಪ್ಪಲಿ ಹಿಡಿಯದಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ರಾತ್ರಿಯೆಲ್ಲ ಗೋಡೆಗೆ ಒರಗಿ ಕೂರುತ್ತಿದ್ದರು. ವಯಸ್ಸಾಯಿತು ಅಂತ ಎಲ್ಲರೂ ಸುಮ್ಮನಾದೆವು. ಕೊನೆಗೆ ಮತ್ತೆ ಐಸಿಯು.

ಎರಡು ಮೂರು ದಿನದಲ್ಲಿ ತೂಕ 2 ಕೆಜಿ ಏರಿದರೆ ಮೈಯಲ್ಲಿ ನೀರು ತುಂಬುತ್ತಿದೆ ಎಂದು ಅನುಮಾನಿಸಬೇಕು. ಆಗಲೇ ಯಾರಾದರೂ ಫೋನಿನಲ್ಲಿ ಮಾತ್ರೆ ಹೊಂದಿಸಿದ್ದರೆ ಆ ಐಸಿಯು ತಪ್ಪುತ್ತಿತ್ತೇನೋ ಎಂಬ ಸಂಕಟ ನನಗೆ ಇನ್ನೂ ಇದೆ.

ಇದು ಒಂದು ಮನೆಯ ಕಥೆಯಲ್ಲ. ದೇಶದ 53 ಆಸ್ಪತ್ರೆಗಳಲ್ಲಿ ದಾಖಲಾದ ಹತ್ತು ಸಾವಿರಕ್ಕೂ ಹೆಚ್ಚು ಹಾರ್ಟ್ ಫೇಲ್ಯೂರ್ ರೋಗಿಗಳನ್ನು ರಾಷ್ಟ್ರೀಯ ರಿಜಿಸ್ಟ್ರಿಯೊಂದು ಗಮನಿಸಿದಾಗ, 90 ದಿನದೊಳಗೆ ನೂರಕ್ಕೆ ಸುಮಾರು 14 ಮಂದಿ ತೀರಿಕೊಂಡಿದ್ದರು. ಔಷಧವೇ ಇಲ್ಲ ಅಂತಲ್ಲ. ಈ ಕಾಯಿಲೆಗೆ ಕೊಡುವ ಡಾಪಾಗ್ಲಿಫ್ಲೋಜಿನ್ ಮಾತ್ರೆಯ ಪೇಟೆಂಟ್ 2020ರಲ್ಲೇ ಮುಗಿದು ಕಡಿಮೆ ಬೆಲೆಗೆ ಸಿಗುತ್ತಿದೆ. ಬೀಟಾ ಬ್ಲಾಕರ್, ಸ್ಪೈರೊನೊಲ್ಯಾಕ್ಟೋನ್ ಇದಕ್ಕೇ ಕೊಡುವ ಹಳೆಯ ಮಾತ್ರೆಗಳು. ಆದರೆ ಇವುಗಳಲ್ಲಿ ಕೆಲವನ್ನು ಸಣ್ಣ ಡೋಸಿನಿಂದ ಶುರುಮಾಡಿ, ಬಿಪಿ, ರಕ್ತದ ಪೊಟ್ಯಾಸಿಯಂ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ನೋಡಿಕೊಂಡು ಏರಿಸಬೇಕು. ಪ್ರತಿ ಸಲಕ್ಕೂ ಕಲಬುರಗಿಗೆ ಬಸ್ ಹತ್ತಬೇಕೆಂದರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಅಲ್ಲಿ ಜಯದೇವದ 371 ಹಾಸಿಗೆಯ ಆಸ್ಪತ್ರೆ ಆಗಿರುವುದು ಈ ಭಾಗಕ್ಕೆ ದೊಡ್ಡ ಆಸರೆ, ನಿಜ. ಆದರೆ ಡೋಸ್ ಏರಿಸುವುದಕ್ಕೆ ಹಾಸಿಗೆ ಬೇಕಿಲ್ಲ.

ತಾಲ್ಲೂಕು ಆಸ್ಪತ್ರೆಯ ಬಿಪಿ-ಶುಗರ್ ಕ್ಲಿನಿಕ್ಕಿನಲ್ಲೇ ವಾರಕ್ಕೊಂದು ದಿನ ಹಾರ್ಟ್ ಫೇಲ್ಯೂರ್ ರೋಗಿಗಳಿಗೆ ಮೀಸಲಿಡಲಿ. ತರಬೇತಿ ಪಡೆದ ಒಬ್ಬ ನರ್ಸ್ ಇರಲಿ, ಡೋಸ್ ವಿಷಯಕ್ಕೆ ಜಯದೇವದ ವೈದ್ಯರು ಫೋನಿನಲ್ಲಿ ಸಿಗಲಿ, ಮಾತ್ರೆಗಳು ಅಲ್ಲೇ ದಾಸ್ತಾನಿರಲಿ. ಡಿಸ್‌ಚಾರ್ಜ್ ಆದ ವಾರದೊಳಗೆ ರೋಗಿಯ ಮನೆಗೆ ಒಂದು ಕರೆ ಹೋಗಲಿ. ಗೃಹ ಆರೋಗ್ಯ ಯೋಜನೆಯಲ್ಲಿ ಹೇಗೂ ಬಿಪಿ, ಶುಗರ್ ನೋಡಲು ಮನೆಮನೆಗೆ ಬರುತ್ತಾರೆ. ಅವರೇ ಒಂದು ತೂಕದ ಯಂತ್ರ ತರಲಿ, ಪಾದ ಒತ್ತಿ ನೋಡಲಿ, ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ ಅಂತ ಕೇಳಲಿ.