ಸ್ಪಷ್ಟನೆ: ಸ್ಟಾರ್‌ಡ್ಯೂ ವ್ಯಾಲಿ ಮಾಡಿದವರು ಕೆಲಸ ಬಿಟ್ಟು ಬಂದವರಲ್ಲ

‘ಒಳ್ಳೆ ಸಾಫ್ಟ್‌ವೇರ್ ಕೆಲಸ ಬಿಟ್ಟು, ಯಾರ ನೆರವೂ ಇಲ್ಲದೆ, ಒಂದು ದಿನವೂ ಎದೆಗುಂದದೆ ಎರಿಕ್ ಬರೋನ್ ಒಬ್ಬರೇ ಸ್ಟಾರ್‌ಡ್ಯೂ ವ್ಯಾಲಿ ಗೇಮ್ ಮಾಡಿದರು’ ಎಂಬ ಮಾತು ಹರಿದಾಡುತ್ತಿದೆ. (ಹಳ್ಳಿಯಲ್ಲಿ ಬೇಸಾಯ ಮಾಡುತ್ತ ಆಡುವ ವಿಡಿಯೊ ಗೇಮ್ ಇದು.) ಇದರಲ್ಲಿ ‘ಒಬ್ಬರೇ’ ಅನ್ನುವುದಷ್ಟೇ ಹೆಚ್ಚುಕಡಿಮೆ ಸರಿ. ಕೋಡ್, ಚಿತ್ರ, ಸಂಗೀತ, ಕಥೆ ಎಲ್ಲವೂ ಅವರದೇ.

ಬಿಡಲು ಅವರ ಬಳಿ ಅಂಥ ಕೆಲಸವೇ ಇರಲಿಲ್ಲ. 2011ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕಂಪ್ಯೂಟರ್ ಸೈನ್ಸ್ ಮುಗಿಸಿದ ಬರೋನ್‌ಗೆ ನೌಕರಿ ಸಿಗಲಿಲ್ಲ. ಕೋಡಿಂಗ್ ಕೈ ಪಳಗಲಿ ಎಂದು ಶುರುಮಾಡಿದ್ದು ಈ ಗೇಮ್. ಸಿಯಾಟಲ್‌ನ ರಂಗಮಂದಿರವೊಂದರಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುವ ಅರೆಕಾಲಿಕ ಕೆಲಸ ಮಾಡುತ್ತಿದ್ದರು. ಮನೆ ನಡೆದದ್ದು ಬಹುಪಾಲು ಸಂಗಾತಿಯ ದುಡಿಮೆಯಿಂದ. ಈ ಮಾತನ್ನು ಫಾರ್ವರ್ಡ್ ಮಾಡುವವರು ಆಕೆಯನ್ನು ಮರೆಯುವುದೇ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ.

ಇನ್ನು ಎದೆಗುಂದದ ಮಾತು. ಈ ಗೇಮ್‌ನದು ಪಿಕ್ಸೆಲ್ ಚಿತ್ರ, ಅಂದರೆ ಪುಟ್ಟ ಚೌಕಗಳನ್ನು ಜೋಡಿಸಿ ಬರೆದದ್ದು. ಅದಕ್ಕೆ ಒಂದು ವಿಚಿತ್ರ ಶಾಪವಿದೆ: ಕೈ ಪಳಗಿದಷ್ಟೂ ಹಳೆಯದು ಕಣ್ಣಿಗೆ ಚುಚ್ಚುತ್ತದೆ. ಹೊಸ ಮರ ಚೆನ್ನಾಗಿ ಬಂತೋ, ಪಕ್ಕದ ಮನೆ ಪೇಲವ. ಬರೋನ್ ಪಾತ್ರಗಳ ಮುಖಗಳನ್ನು ಮತ್ತೆ ಮತ್ತೆ ಬರೆದರು. ಒಂದು ದಿನ ಗೇಮ್ ಅದ್ಭುತ, ಇನ್ನೊಂದು ದಿನ ಕಸ ಅನ್ನಿಸುತ್ತಿದ್ದ ಏರಿಳಿತವನ್ನು ಅವರು ಮುಚ್ಚಿಟ್ಟಿಲ್ಲ.

2016ರ ಫೆಬ್ರವರಿ 26ರಂದು ಗೇಮ್ ಹೊರಬಂದು, ಸುಮಾರು ಎರಡೇ ತಿಂಗಳಲ್ಲಿ 10 ಲಕ್ಷ ಪ್ರತಿ ದಾಟಿತು. ಆಗಲೂ ಬಿಡುವಿರಲಿಲ್ಲ, ದೋಷಗಳನ್ನು ಸರಿಪಡಿಸುತ್ತ ಕೂತಿದ್ದರು.